ಹಣ್ಣಾಗುವ ತನಕ

ನಮ್ಮ ಮನೆಯಲ್ಲಿ ಅವಸರ ಅನ್ನುವುದು ಒಂದು ಬೈಗುಳ. ಬೇರೆ ಮನೆಗಳ ಅಪ್ಪಂದಿರು ಮಕ್ಕಳನ್ನು ಕತ್ತೆ, ಕೋಣ ಎಂದೆಲ್ಲ ಬೈಯುತ್ತಿದ್ದರೆ ನನ್ನ ಅಪ್ಪ ‘ಅವಸರದವಳು’ ಎನ್ನುತ್ತಿದ್ದರು, ಅಷ್ಟೇ. ಅದಕ್ಕಿಂತ ದೊಡ್ಡ ಬೈಗುಳ ಅವರ ಬಾಯಲ್ಲಿ ನಾನು ಕೇಳಲಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಠಾಕುರ್ಲಿ ಕಡೆಗೆ ಹೋಗುವ ರಸ್ತೆಯ ಒಂದು ಚಾಳಿನಲ್ಲಿ, ಸಾಲುಕೋಣೆಗಳ ಕಟ್ಟಡದ ಮೊದಲ ಮಾಳಿಗೆಯಲ್ಲಿ, ಎರಡು ಕೋಣೆ ನಮ್ಮದು. ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಕಪಾಟು, ಗೋಡೆಗೆ ಹೊಡೆದ ದೇವರ ಹಲಗೆ. ಹಿಂದಿನದು ಅಡಿಗೆಮನೆ. ಅದರ ಮೂಲೆಯಲ್ಲಿ ಮೊಣಕಾಲೆತ್ತರ ಗೋಡೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅಲ್ಲೇ. ಇಷ್ಟು ಸಣ್ಣ ಜಾಗದಲ್ಲಿ ಅಪ್ಪನ ಜಾಗ್ರತೆಯೇ ತುಂಬಿಕೊಂಡು ನಮಗೆ ಕಾಲಿಡಲು ತೆರಪಿರಲಿಲ್ಲ. ಬಾಗಿಲಿಗೆ ಎರಡು ಚಿಲಕ. ನಳದಲ್ಲಿ ದಿನವೂ ನೀರು ಬರುತ್ತಿದ್ದರೂ ಮೂರು ದಿನಕ್ಕಾಗುವಷ್ಟು ನೀರು ತುಂಬಿದ ಹಂಡೆಗಳು. ಹಾಲಿನ ಪಾತ್ರೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಗುಂಡುಕಲ್ಲು. ದೀಪಾವಳಿ ಕಳೆಯುವ ತನಕ ಕೊಡೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಹೊಸ ಸ್ಟೀಲಿನ ಫಿಲ್ಟರ್ ಒಂದು ಪೆಟ್ಟಿಗೆಯಲ್ಲೇ ಇತ್ತು. ಹಳೆಯದು ಸೋರತೊಡಗಿದ ಮೇಲೂ ‘ಇನ್ನೂ ಸ್ವಲ್ಪ ದಿನ ಬರ್ತದೆ’ ಎಂದು ಅದರ ತಳಕ್ಕೆ ಮೇಣ ಮೆತ್ತಿ ಕಾಫಿ ಇಳಿಸುತ್ತಿದ್ದೆವು.

ರೈಲಿನ ವಿಷಯ ಹೇಳಿದರೆ ನಗು ಬರುತ್ತದೆ. ಠಾಣೆ, ಮುಂಬಯಿ ಕಡೆಗೆ ಹೋಗುವ ಬೆಳಗಿನ ಗಾಡಿಗಳಲ್ಲಿ ಡೊಂಬಿವಲಿಯಲ್ಲಿ ಹತ್ತಿದವರಿಗೆ ಕಾಲೂರಲೂ ಜಾಗ ಸಿಗುವುದಿಲ್ಲ. ಅದಕ್ಕೆ ಜಾಣರು ಮೊದಲು ಹಿಂದಿನ ಕಲ್ಯಾಣ ಸ್ಟೇಷನಿಗೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಸೀಟು ಹಿಡಿದು, ಕೂತುಕೊಂಡೇ ಡೊಂಬಿವಲಿ ದಾಟಿ ಮುಂದೆ ಹೋಗುತ್ತಾರೆ. ಉಲ್ಟಾ ಹೋಗುವುದು ಎನ್ನುತ್ತಾರೆ ಅದಕ್ಕೆ. ಎಲ್ಲರೂ ಮಾಡುತ್ತಿದ್ದದ್ದೇ. ನನ್ನ ಅಪ್ಪ ಮಾತ್ರ ಭಾನುವಾರ ಮಧ್ಯಾಹ್ನ, ಬೋಗಿಯಲ್ಲಿ ನೊಣವೂ ಇಲ್ಲದ ಹೊತ್ತಿನಲ್ಲೂ, ನಮ್ಮನ್ನು ಉಲ್ಟಾ ಕರೆದುಕೊಂಡು ಹೋಗುತ್ತಿದ್ದರು.

“ಕೂತು ಹೋದವ ಕೈಕಾಲು ಸಮೇತ ಇಳೀತಾನೆ” ಎನ್ನುತ್ತಿದ್ದರು. “ಖಾಲಿ ಉಂಟು ಅಂತ ನಂಬುದು ಹೇಗೆ? ಹತ್ತಿದ ಮೇಲೆ ಗೊತ್ತಾಗುದು.”

ಅವರು ಠಾಣೆ ಸ್ಟೇಷನ್ ಬಳಿಯ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆ ಭಟ್ಟರು. ದೋಸೆ, ಇಡ್ಲಿ, ವಡೆಯ ಹಿಟ್ಟೆಲ್ಲ ಅವರ ಕೈಯದ್ದು. ಉದ್ದಿನ ಹಿಟ್ಟು ಅರೆದಾದ ಮೇಲೆ ಒಂದು ಹನಿಯನ್ನು ಲೋಟದ ನೀರಿಗೆ ಬಿಟ್ಟು ನೋಡುತ್ತಿದ್ದರು. ತೇಲಿದರೆ ಹದ, ಮುಳುಗಿದರೆ ಇನ್ನೂ ಅರೆಯಬೇಕು. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿ ಬರುವುದು ತಡವಾಗುತ್ತದೆ. ಗಿರಾಕಿಗಳು ಕಾಯುತ್ತಿದ್ದಾರೆ, ಸ್ವಲ್ಪ ಸೋಡಾ ಹಾಕಿ ಎಂದು ಮಾಲಕರು ಹೇಳಿದರೆ ಅಪ್ಪ ಸೌಟು ಕೆಳಗಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರಂತೆ. ಹದ ಬಾರದ ಹಿಟ್ಟನ್ನು ಕಾವಲಿಗೆ ಹಾಕಿದವ ಹೋಟೆಲಿಗೂ ಕೇಡು, ಹೊಟ್ಟೆಗೂ ಕೇಡು ಎಂಬುದು ಅವರ ಮಾತು. ಆ ಹಟದಿಂದಲೇ ಹೋಟೆಲಿಗೆ ಹೆಸರು ಬಂದದ್ದು, ಅದನ್ನು ಮಾಲಕರೂ ಒಪ್ಪುತ್ತಿದ್ದರು. ಹಾಗಾಗಿ ಕಾದು ಕೆಟ್ಟವರಿಲ್ಲ ಅನ್ನುವುದು ಅಪ್ಪನಿಗೆ ಯಾರೋ ಹೇಳಿಕೊಟ್ಟ ಗಾದೆ ಆಗಿರಲಿಲ್ಲ, ದಿನವೂ ಕೈಯಾರೆ ಕಂಡ ಸತ್ಯವಾಗಿತ್ತು. ನಾನು ಅವರನ್ನು ಎಷ್ಟೇ ಬೈದುಕೊಂಡರೂ ಈ ಒಂದು ಮಾತನ್ನು ಮರೆಯಬಾರದು.

ಮುಂದೆ ನಾನು ಒಂದು ಕನ್ನಡ ಶಾಲೆಯಲ್ಲಿ ಟೀಚರಾದೆ. ಎಚ್ಚರ, ಜಾಗ್ರತೆ, ಮುಂದಾಲೋಚನೆ, ವಿವೇಕ, ಇವೆಲ್ಲ ಒಂದೇ ಅರ್ಥದ ಪದಗಳೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬರೆಸಿದೆ. ತಪ್ಪು ಎಂದು ಗೊತ್ತಿದ್ದೂ ಬರೆಸಿದೆ. ನಮ್ಮ ಮನೆಯಲ್ಲಿ ಎಚ್ಚರ ಬೇಕಾದಷ್ಟಿತ್ತು, ಜಾಗ್ರತೆ ಮಾಡಿನ ತನಕ ರಾಶಿ ಬಿದ್ದಿತ್ತು. ವಿವೇಕ ಇರಲಿಲ್ಲ. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಎದ್ದು ಓಡಬೇಕು ಎಂದು ಬೇರ್ಪಡಿಸುವುದು ವಿವೇಕ. ಅಪ್ಪನಿಗೆ ಕಾಯುವುದು ಮಾತ್ರ ಗೊತ್ತಿತ್ತು.

ನನಗೆ ಒಂಬತ್ತು ವರ್ಷ ಇದ್ದಾಗಿನ ಮಾತು. ಅಮ್ಮನಿಗೆ ಆಗ ನಲವತ್ತು ಇರಬೇಕು. ನಾನು ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಸಂಜೆ ದೇವರ ದೀಪ ಹಚ್ಚಿ, ಮುಂದಿನ ಕೋಣೆಯ ಬಲ್ಬು ಹಾಕಿ, ಅಮ್ಮ ಅದನ್ನೇ ನೋಡುತ್ತ ನಿಂತಿದ್ದಳು.

“ಶಾಲೂ, ಬಲ್ಬಿನ ಸುತ್ತ ಕಾಮನಬಿಲ್ಲು ಕಾಣ್ತದಾ ನಿಂಗೆ?”

“ಇಲ್ಲಮ್ಮ.”

“ನಂಗೆ ಕಾಣ್ತದೆ ಮಾರಾಯ್ತಿ. ಎಷ್ಟು ಚಂದ ಉಂಟು ಗೊತ್ತುಂಟಾ!”

ನಾನು ಹೊಟ್ಟೆಕಿಚ್ಚಿನಿಂದ ಕಣ್ಣು ಕಿರಿದು ಮಾಡಿ, ಅಗಲ ಮಾಡಿ ನೋಡಿದೆ. ಕಾಣಲಿಲ್ಲ. ಆಮೇಲೆ ಅವಳಿಗೆ ಒಂದು ಬದಿಯ ತಲೆನೋವು ಶುರುವಾಯಿತು. ಮುಲಾಮು ಹಚ್ಚಿ, ಸೆರಗನ್ನು ಹಣೆಗೆ ಬಿಗಿದು ಕಟ್ಟಿ ರೊಟ್ಟಿ ತಟ್ಟುತ್ತಿದ್ದಳು. ಕೆಲವು ದಿನ ಕಣ್ಣೆಲ್ಲ ಮಂಜು ಮಂಜು ಎನ್ನುತ್ತಿದ್ದಳು, ಮರುದಿನ ಸರಿ ಇರುತ್ತಿತ್ತು. ಒಂದು ಭಾನುವಾರ ದೋಸೆ ತಿನ್ನುತ್ತಿರುವಾಗ ಅವಳೇ ಕೇಳಿದಳು.

“ಒಮ್ಮೆ ಡಾಕ್ಟ್ರಿಗೆ ತೋರಿಸುವನಾ?”

ಅಪ್ಪ ದೋಸೆ ಮುಗಿಸಿ, ಕೈ ತೊಳೆದು ಬಂದು, ಅವಳನ್ನು ಕೋಣೆಗಳ ಮುಂದಿನ ಗ್ಯಾಲರಿಯ ಬೆಳಕಿಗೆ ನಿಲ್ಲಿಸಿ ಎರಡೂ ಕಣ್ಣಿನ ರೆಪ್ಪೆ ಎಳೆದು ನೋಡಿದರು.

“ಪೊರೆ ಬರ್ತಾ ಉಂಟು. ನನ್ನ ಅಮ್ಮನಿಗೂ ಹೀಗೇ ಮಂಜು ಅಂತ ಶುರುವಾದದ್ದು. ಈಗಲೇ ಹೋದ್ರೆ ಆ ಡಾಕ್ಟ್ರು ಕತ್ತರಿ ಹಿಡ್ಕೊಂಡು ಕಾಯ್ತಾ ಇರ್ತಾರೆ. ಪೊರೆ ಹಣ್ಣಾಗ್ಬೇಕು. ನೋಡುವ.”

ಅಪ್ಪನ ಅಮ್ಮನ ಕತೆ ನಮಗೆ ಬಾಯಿಪಾಠ. ಊರಿನಲ್ಲಿ ಅವರಿಗೆ ಕಣ್ಣಿಗೆ ಪೊರೆ ಬಂದಾಗ, ಇನ್ನೂ ಹಣ್ಣಾಗಿಲ್ಲ, ಎರಡು ವರ್ಷ ಬಿಟ್ಟು ಬನ್ನಿ ಎಂದು ಡಾಕ್ಟರೇ ಹಿಂದೆ ಕಳಿಸಿದ್ದರಂತೆ. ಅಜ್ಜಿ ಎರಡು ವರ್ಷ ಗೋಡೆ ಹಿಡಿದುಕೊಂಡು ಕಾದು, ಆಪರೇಷನ್ ಮಾಡಿಸಿಕೊಂಡು, ಸಾಯುವ ತನಕ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಅದೇ ಊರಿನಲ್ಲಿ ಅವಸರ ಮಾಡಿದ ಇನ್ನೊಬ್ಬರ ಕಣ್ಣು ಹೋಯಿತಂತೆ. ಆ ಕಾಲಕ್ಕೆ ಅದು ಸರಿಯಾದ ಬುದ್ಧಿಯೇ ಇದ್ದಿರಬೇಕು. ಅಮ್ಮನ ಕಣ್ಣಿನಲ್ಲಿದ್ದದ್ದು ಪೊರೆಯೇ ಅಲ್ಲ ಎಂದು ಹೇಳುವವರು ಮನೆಯಲ್ಲಿ ಯಾರಿದ್ದರು?

ಅಂದಿನಿಂದ ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ. ದೋಸೆ ತಿಂದಾದ ಮೇಲೆ ಅಪ್ಪ ಅಮ್ಮನನ್ನು ಮಂಚದ ಮೇಲೆ ಕೂರಿಸಿ ಕೈಗೆ ಸೂಜಿ ನೂಲು ಕೊಡುತ್ತಿದ್ದರು. ಅಮ್ಮ ನೂಲಿನ ತುದಿಯನ್ನು ನಾಲಗೆಗೆ ತಾಗಿಸಿ, ಸೂಜಿಯನ್ನು ಮೂಗಿನ ನೇರಕ್ಕೆ ಹಿಡಿದು, ಒಂದೇ ಏಟಿಗೆ ಪೋಣಿಸಿಬಿಡುತ್ತಿದ್ದಳು. ಆಮೇಲೆ ಗೋಡೆಯ ಕ್ಯಾಲೆಂಡರಿನ ತಿಥಿ ಓದುವುದು. ಅದನ್ನೂ ಓದುತ್ತಿದ್ದಳು. ನಾನು ಚಪ್ಪಾಳೆ ಹೊಡೆಯುತ್ತಿದ್ದೆ.

“ಕಂಡ್ಯಾ, ಇನ್ನೂ ಹಣ್ಣಾಗ್ಲಿಲ್ಲ” ಎಂದು ಅಪ್ಪ ಎದ್ದು ಹೋಗುತ್ತಿದ್ದರು. ಅಮ್ಮನಿಗೂ ಪಾಸಾದ ಸಂತೋಷ.

ನಮ್ಮ ಪಕ್ಕದ ಕೋಣೆ ಜೋಶಿ ಕಾಕುವಿನದು, ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಗಂಡ ತೀರಿಕೊಂಡ, ಬಾಯಿ ಜೋರಿನ ಹೆಂಗಸು. ಚಾಳಿನ ಮೆಟ್ಟಿಲಿಳಿಯುವ ಪ್ರತಿಯೊಬ್ಬರಿಗೂ ‘ಜಪೂನ್ ಜಾ’, ಜೋಪಾನವಾಗಿ ಹೋಗು, ಎನ್ನದೆ ಬಿಡುತ್ತಿರಲಿಲ್ಲ. ಅವರೇ ಒಂದು ದಿನ ನೀರು ತುಂಬುವಾಗ ಅಪ್ಪನನ್ನು ಗ್ಯಾಲರಿಯಲ್ಲಿ ಹಿಡಿದು ನಿಲ್ಲಿಸಿದರು. ಅಮ್ಮ ಬಾಗಿಲಿನ ಚೌಕಟ್ಟಿಗೆ ಹೆಗಲು ಬಡಿದುಕೊಳ್ಳುವುದನ್ನು, ಪಕ್ಕದಲ್ಲಿಟ್ಟ ಕೊಡಪಾನಕ್ಕೆ ಕಾಲು ತಾಗಿಸುವುದನ್ನು ಅವರು ನೋಡಿದ್ದರು.

“ಭಟಜೀ, ಹಿಲಾ ಆಜಚ್ ದವಾಖಾನ್ಯಾತ್ ನ್ಯಾ” ಎಂದರು. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು.

ಅಪ್ಪ ತಮ್ಮ ಹೋಟೆಲ್ ಮರಾಠಿಯಲ್ಲಿ ಹಣ್ಣಾಗುವ ಕತೆ ಹೇಳಿದರು. ಕಾಕು ಕೊಡಪಾನವನ್ನು ನೆಲಕ್ಕೆ ಕುಕ್ಕಿ, ಕಣ್ಣೇನು ಮಾವಿನಕಾಯಿಯೇ ಎಂದು ಕೂಗಿದರು. ಮಾತಿಗೆ ಮಾತು ಬೆಳೆಯಿತು. ತನ್ನ ಹೆಂಡತಿಯ ಕಣ್ಣು ತನಗೆ ಗೊತ್ತು ಎಂದು ಅಪ್ಪ ಒಳಗೆ ಬಂದು ಬಾಗಿಲು ಹಾಕಿ ಎರಡೂ ಚಿಲಕ ಏರಿಸಿದರು. ಆಮೇಲೆ ಎಷ್ಟೋ ತಿಂಗಳು ನಮ್ಮ ಮನೆಗೂ ಅವರ ಮನೆಗೂ ಮಾತು ಬಿಟ್ಟುಹೋಯಿತು. ಸತ್ಯ ಹೇಳಿದ ಒಬ್ಬಳೇ ಒಬ್ಬಳನ್ನು ನಾವು ಹೀಗೆ ಹೊರಗೆ ಹಾಕಿದೆವು.

ನಾನೂ ಸಾಚಾ ಅಲ್ಲ. ನನಗೆ ಹನ್ನೊಂದು ವರ್ಷ ಆಗಿತ್ತು, ತರಕಾರಿ ತರಲು ಅಮ್ಮನ ಜೊತೆ ಪೇಟೆಗೆ ಹೋಗಿದ್ದೆ. ಬಲಗಡೆಯಿಂದ ಸಿಮೆಂಟು ಹೇರಿದ ಕೈಗಾಡಿ ಬರುತ್ತಿತ್ತು. ಗಾಡಿಯವ ಕಿರುಚುತ್ತಿದ್ದ. ಅಮ್ಮ ನೇರ ನೋಡಿಕೊಂಡು ಅದರ ಎದುರಿಗೇ ನಡೆದಳು. ನಾನು ಸೆರಗು ಹಿಡಿದು ಎಳೆದೆ. ಇಬ್ಬರೂ ಈರುಳ್ಳಿಯ ರಾಶಿಯ ಮೇಲೆ ಬಿದ್ದೆವು. ಅಮ್ಮ ಎದ್ದು ಸೀರೆ ಕೊಡವಿಕೊಂಡಳು.

“ಬದಿಯಿಂದ ಬಂದದ್ದು ನಂಗೆ ಕಾಣುದಿಲ್ಲ ಮಗಾ. ಎದುರಿದ್ದದ್ದು ಮಾತ್ರ ಕಾಣುದು, ಕೊಳವೆಯಲ್ಲಿ ನೋಡಿದ ಹಾಗೆ. ಅಪ್ಪನಿಗೆ ಹೇಳ್ಬೇಡ ಆಯ್ತಾ? ಸುಮ್ನೆ ಹೆದರ್ತಾರೆ. ಹೇಗೂ ಆಪರೇಷನ್ ಉಂಟಲ್ಲ, ಎಲ್ಲ ಸರಿಯಾಗ್ತದೆ.”

ನಾನು ಹೇಳಲಿಲ್ಲ. ಅಮ್ಮನ ಗುಟ್ಟು ಕಾಪಾಡಿದ ಹೆಮ್ಮೆ ಬೇರೆ ನನಗೆ. ಅವಳ ಎಡಬಲಕ್ಕೆ ಬರುವ ಸ್ಟೂಲು, ಬಾಲ್ದಿ, ಚಪ್ಪಲಿಗಳನ್ನು ಅಪ್ಪನಿಗೆ ಗೊತ್ತಾಗದ ಹಾಗೆ ಸರಿಸುತ್ತ ಬಂದೆ. ಬಡಿಸುವಾಗ ಅಪ್ಪನ ತಟ್ಟೆಯನ್ನು ಅವಳ ಮೂಗಿನ ನೇರಕ್ಕೆ ಇಡುತ್ತಿದ್ದೆ. ಎಲ್ಲರೂ ಎಷ್ಟು ಹುಷಾರಿನವರು ನೋಡಿ ನಾವು! ಅಪ್ಪ ಕಣ್ಣಿನ ಜಾಗ್ರತೆ ಮಾಡಿದರು, ಅಮ್ಮ ಅಪ್ಪನ ಜಾಗ್ರತೆ ಮಾಡಿದಳು, ನಾನು ಅಮ್ಮನ ಗುಟ್ಟಿನ ಜಾಗ್ರತೆ ಮಾಡಿದೆ. ಇದರ ನಡುವೆ ಕಣ್ಣು ಹೋಗುತ್ತಲೇ ಇತ್ತು.

ಇನ್ನೊಂದು ವರ್ಷ ಕಳೆದು, ಒಂದು ಮೊದಲ ಭಾನುವಾರ, ನೂಲು ಸೂಜಿಯೊಳಗೆ ಹೋಗಲಿಲ್ಲ. ಅಮ್ಮ ಮತ್ತೆ ಮತ್ತೆ ತುದಿಯನ್ನು ಒದ್ದೆ ಮಾಡಿದಳು. ನೂಲು ಸೂಜಿಯ ಆಚೆಗೂ ಈಚೆಗೂ ಹೋಯಿತು, ಕಣ್ಣಿಗೆ ಹೋಗಲಿಲ್ಲ. ಕ್ಯಾಲೆಂಡರಿನ ತಿಥಿ ಓದು ಎಂದರೆ ಕ್ಯಾಲೆಂಡರ್ ಯಾವ ಗೋಡೆಯಲ್ಲಿದೆ ಎಂದು ಕೇಳಿದಳು. ಅಪ್ಪನ ಮುಖ ಅರಳಿತು. ಅದು ಈಗಲೂ ನನ್ನ ಕಣ್ಣ ಮುಂದಿದೆ, ಆ ಅರಳಿದ ಮುಖ.

“ಹಣ್ಣಾಯ್ತು! ಈಗ ಹೋಗುವ, ಈಗ ಸರಿಯಾದ ಹೊತ್ತು” ಎಂದು ಅಂಗಿ ತೊಟ್ಟು ಹೊರಗೆ ಹೋಗಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದರು. ಅಮ್ಮ ಎರಡು ತಿಂದಳು. ನಾನು ಲೆಕ್ಕವಿಡದೆ ತಿಂದೆ.

ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅವತ್ತೂ ಉಲ್ಟಾ ಕಲ್ಯಾಣಕ್ಕೆ ಹೋಗಿಯೇ ಹೋದದ್ದು. ಅಪ್ಪ ಅಮ್ಮನಿಗೆ ಕಿಟಕಿಯ ಸೀಟು ಹಿಡಿದುಕೊಟ್ಟರು. ದಾರಿಯುದ್ದಕ್ಕೂ ಅವಳು ಕಿಟಕಿಯ ಸರಳಿಗೆ ಕೆನ್ನೆ ಆನಿಸಿ ಗಾಳಿ ಕುಡಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಏನೇನೋ ಔಷಧಿ ಬಿಟ್ಟು, ಕತ್ತಲ ಕೋಣೆಯಲ್ಲಿ ದೀಪ ಹಾಕಿ ನೋಡಿ, ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಅಪ್ಪನನ್ನೂ ನನ್ನನ್ನೂ ಒಳಗೆ ಕರೆದರು. ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಸಿಟ್ಟಿನಲ್ಲಿದ್ದರು.

“ಹಾ ಮೋತಿಬಿಂದು ನಾಹೀ. ಹಾ ಕಾಚಬಿಂದು ಆಹೇ. ಇತಕೀ ವರ್ಷಂ ಕಾಯ್ ಕರತ್ ಹೋತಾ?”

ಇದು ಪೊರೆಯಲ್ಲ, ಗ್ಲಾಕೋಮಾ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಅಪ್ಪನಿಗೆ ಅರ್ಥವಾಗಲಿಲ್ಲವೆಂದು ತಿಳಿದು ಹಿಂದಿಯಲ್ಲಿ, ನಿಧಾನವಾಗಿ, ಮತ್ತೆ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತುಹೋಗಿದೆ. ಮೊದಲೇ ಬಂದಿದ್ದರೆ ಹನಿ ಔಷಧಿಯಲ್ಲೇ ಉಳಿಯುತ್ತಿತ್ತು. ಈಗ ಆಪರೇಷನ್ ಮಾಡಿದರೂ ಹೋದ ದೃಷ್ಟಿ ಬರುವುದಿಲ್ಲ, ಯಾವ ಊರಿಗೆ ಹೋದರೂ ಬರುವುದಿಲ್ಲ. ನೋವು ಬರದ ಹಾಗೆ ಈ ಹನಿ ಹಾಕುತ್ತಿರಿ. ಅಪ್ಪ ಎದ್ದು ನಿಂತು, ಹೋಟೆಲಿನಲ್ಲಿ ಮಾಲಕರ ಎದುರು ನಿಲ್ಲುವ ಹಾಗೆ ಕೈಕಟ್ಟಿಕೊಂಡು, ಎರಡು ಸಲ ‘ಜೀ’ ಎಂದರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಹೊರಗೆ ಅಮ್ಮ ಹೆಜ್ಜೆಯ ಸದ್ದಿಗೆ ಮುಖ ಎತ್ತಿದಳು.

“ಯಾವಾಗ ಅಂತೆ ಆಪರೇಷನ್?”

ಅಪ್ಪ ನನ್ನ ಕಡೆ ನೋಡಿದರು. ಅಮ್ಮನಿಗೆ ಅದು ಕಾಣುವ ಹಾಗಿರಲಿಲ್ಲ.

“ಇನ್ನೂ ಸ್ವಲ್ಪ ಹಣ್ಣಾಗ್ಬೇಕಂತೆ. ಹಣ್ಣಾಗ್ಲಿಕ್ಕೆ ಹನಿ ಕೊಟ್ಟಿದ್ದಾರೆ.”

“ಅಯ್ಯೋ ದೇವ್ರೇ, ಇನ್ನೂ ಹಣ್ಣಾಗ್ಲಿಕ್ಕುಂಟಾ?” ಎಂದು ಅಮ್ಮ ನಕ್ಕಳು. “ಆಯ್ತು, ಇಷ್ಟು ಕಾದದ್ದಲ್ಲ. ಶಾಲೂ, ಕೈ ಕೊಡು.”

ನಾನು ಕೈ ಕೊಟ್ಟೆ. ಡಾಕ್ಟರ ಮಾತು ಒಂದಕ್ಷರ ಬಿಡದೆ ನನಗೆ ಅರ್ಥವಾಗಿತ್ತು. ಹನ್ನೆರಡು ವರ್ಷದ ಹುಡುಗಿ ಬಾಯಿ ತೆರೆದರೆ ಅಲ್ಲೇ ಹೇಳಿಬಿಡಬಹುದಿತ್ತು. ಬಾಯಿ ಮುಚ್ಚಿಕೊಂಡಿರುವುದೇ ಬುದ್ಧಿವಂತಿಕೆ ಎಂದು ಆ ಬೆಂಚಿನ ಎದುರು ಕಲಿತದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಶಾಲೆಯಲ್ಲಿ, ಸಂಸಾರದಲ್ಲಿ, ಮಾತಾಡಬೇಕಾದ ಎಷ್ಟೋ ಕಡೆ ನಾನು ಮಾತು ನುಂಗಿಕೊಂಡು ನಿಂತಿದ್ದೇನೆ. ಜನ ನನ್ನನ್ನು ಸಮಾಧಾನಿ ಹೆಂಗಸು ಎನ್ನುತ್ತಾರೆ.

ಆಮೇಲಿನ ವರ್ಷಗಳೆಲ್ಲ ‘ಕಣ್ಣು ಬಂದ ಮೇಲೆ’ ಎಂಬ ಮಾತಿನಲ್ಲೇ ಕಳೆದವು. ಸೀರೆ ತಂದರೆ ಬಣ್ಣ ಕೇಳುತ್ತಿರಲಿಲ್ಲ. ಕಣ್ಣು ಬಂದ ಮೇಲೆ ನೋಡ್ತೇನೆ ಎನ್ನುತ್ತಿದ್ದಳು. ನನ್ನ ಮದುವೆಯ ಫೋಟೋಗಳನ್ನು ಯಾರೋ ವಿವರಿಸಲು ಹೋದರೆ ಕಿವಿ ಮುಚ್ಚಿಕೊಂಡಳು, ಈಗಲೇ ಹೇಳಿದರೆ ಆಮೇಲೆ ನೋಡುವುದಕ್ಕೆ ಎಂತ ಉಳೀತದೆ ಎಂದು. ದಿನಕ್ಕೆರಡು ಸಲ ತಪ್ಪದೆ ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ನೂರ ಎಂಟು ಎಣಿಸುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಕೈಯನ್ನು ಮುಖದ ಎದುರು ಆಡಿಸಿ ನೋಡುತ್ತಿದ್ದಳು. ಅಪ್ಪ ಮತ್ತೆ ಯಾವತ್ತೂ ಅವಳ ಕೈಗೆ ಸೂಜಿ ಕೊಡಲಿಲ್ಲ. ಹಿಟ್ಟಿನ ಹದವೂ ಅವರ ಕೈತಪ್ಪಿತು ಎಂದು ಹೋಟೆಲಿನವರು ಹೇಳುತ್ತಿದ್ದರು. ಮದುವೆಯಾಗಿ ಹೊರಡುವ ಮೊದಲು ನಾನು ಅವರನ್ನು ಒಮ್ಮೆ ಕೇಳಿದೆ, ಅಮ್ಮನಿಗೆ ಹೇಳಿಬಿಡುವನಾ ಎಂದು.

“ಹೇಳಿ ಎಂತ ಮಾಡ್ಲಿಕ್ಕುಂಟು?” ಎಂದರು. “ಕಾಯುದೊಂದಾದ್ರೂ ಉಂಟಲ್ಲ ಅವಳಿಗೆ. ಅದನ್ನೂ ನಾನೇ ಕಿತ್ಕೊಳ್ಳುದಾ?”

ಅಪ್ಪ ತೀರಿಕೊಂಡ ಮೇಲೆ ಅಮ್ಮ ಕಾಮೋಠೆಯ ನನ್ನ ಮನೆಗೆ ಬಂದಳು. ‘ಇನ್ನೂ ಸ್ವಲ್ಪ’ ಎನ್ನುವ ಕೆಲಸ ಈಗ ನನ್ನದಾಯಿತು. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಕೇಳುತ್ತಿದ್ದಳು, ನಾನು ಇನ್ನೂ ಸ್ವಲ್ಪ ಎನ್ನುತ್ತಿದ್ದೆ. ಅವಳಿಗೆ ಎಪ್ಪತ್ತು ದಾಟಿತ್ತು. ಅದೇ ಸಮಯದಲ್ಲಿ ತಲೆನೋವೆಂದು ನಾನು ಸಾನಪಾಡಾದ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದು ಇತ್ತೇ ಎಂದು ಕೇಳಿದರು. ನನ್ನ ಕಣ್ಣಿನ ಒತ್ತಡವೂ ಏರಿತ್ತು. ರಕ್ತದಲ್ಲೇ ಬಂದದ್ದು. ಮನೆಗೆ ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ಸತ್ತ ಅಪ್ಪನ ಮೇಲೆ, ನಗುತ್ತ ಕಾಯುವ ಅಮ್ಮನ ಮೇಲೆ, ನನ್ನ ಮೇಲೆ, ಯಾರ ಮೇಲೆ ಸಿಟ್ಟೆಂದು ಹೇಳಲಾರೆ.

ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಅಮ್ಮ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು.

“ಎದುರಿನ ಮನೆಯವಳು ಹೇಳಿದ್ಲು, ಕೆಳಗೆ ಸೊಸೈಟಿ ಆಫೀಸಿನಲ್ಲಿ ಕಣ್ಣಿನ ಕ್ಯಾಂಪ್ ಉಂಟಂತೆ. ಆಪರೇಷನಿಗೆ ಹೆಸರು ಬರ್ಕೊಳ್ತಾರಂತೆ. ಈಗ ಹಣ್ಣಾಗದೆ ಇನ್ಯಾವಾಗ ಹಣ್ಣಾಗುದು ಶಾಲೂ? ಬಾ, ಹೋಗುವ.”

ಕ್ಯಾಂಪ್ ಮುಂದೆ ಹಾಕಿದ್ದಾರೆ ಎನ್ನಬಹುದಿತ್ತು. ಆ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಹೇಳಲು ಆಗಲಿಲ್ಲ.

“ಅಮ್ಮ, ನಿನ್ನ ಕಣ್ಣಿಗೆ ಬಂದದ್ದು ಪೊರೆಯೇ ಅಲ್ಲ. ಆಪರೇಷನ್ ಮಾಡಿದ್ರೂ ಅದು ಬರುವ ಕಣ್ಣಲ್ಲ. ಆವತ್ತೇ ಹೇಳಿದ್ರು ಡಾಕ್ಟ್ರು.”

“ಯಾವತ್ತು?”

“ನಾವು ಮೂರು ಜನ ಮುಂಬಯಿಗೆ ಹೋಗಿದ್ದೆವಲ್ಲ, ಆವತ್ತು.”

“ಅಪ್ಪನಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಿಂಗೆ?”

“ನಂಗೂ.”

ಅಳುತ್ತಾಳೆ ಅಂದುಕೊಂಡೆ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದರೆ ಒಳ್ಳೆಯದಿತ್ತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ನಾನಿದ್ದ ಕಡೆಗೆ ಮುಖ ತಿರುಗಿಸಿದಳು.

“ಇಷ್ಟು ವರ್ಷ ಹೇಳದೆ ಇದ್ದವಳು, ನಾನು ಸಾಯುವ ತನಕ ತಡೀಲಿಕ್ಕೆ ಆಗ್ಲಿಲ್ವಾ ಮಗಾ ನಿಂಗೆ?”

ಆಮೇಲೆ ಅಮ್ಮ ಎರಡು ವರ್ಷ ಬದುಕಿದಳು. ಕಣ್ಣಿನ ಮಾತು ಒಮ್ಮೆಯೂ ಎತ್ತಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಹಾಸಿಗೆಯ ಮೇಲೆ ಎದ್ದು ಕೂತು, “ಎದ್ದು ಎಂತ ಮಾಡುದು ಶಾಲೂ?” ಎಂದು ಕೇಳುತ್ತಿದ್ದಳು. ದಿನವೂ ಕೇಳುತ್ತಿದ್ದಳು.